ಕಬ್ಬಿನ ಹಾಲು: ಗಾಣದಿಂದ ಕೊಪ್ಪರಿಗೆಗೆ ಸಾಗಿಸುವ ಕ್ರಮ



ನಮ್ಮ ಹಾಲು ಉತ್ಪಾದಕರಲ್ಲಿ ಅನೇಕರು ಕೊಟ್ಟಿಗೆಯಲ್ಲಿ ಎರಡು ಹಸು, ಹೊಲದಲ್ಲಿ ಒಂದಿಷ್ಟು ಕಬ್ಬು ಇಟ್ಟುಕೊಂಡವರು. ಕಬ್ಬಿನ ಸೋಗೆ ಹಸುವಿಗೆ ಮೇವಾಗುತ್ತದೆ, ಕೊಟ್ಟಿಗೆ ಗೊಬ್ಬರ ಕಬ್ಬಿನ ಗದ್ದೆಗೆ ಹೋಗುತ್ತದೆ. ಕಾರ್ಖಾನೆಗೆ ಕಬ್ಬು ಒಪ್ಪಿಸದವರು ತಮ್ಮದೇ ಆಲೆಮನೆಯಲ್ಲೋ, ನೆರೆಯವರ ಆಲೆಮನೆಯಲ್ಲೋ ಬೆಲ್ಲ ಕಾಯಿಸುತ್ತಾರೆ. ಮತ್ತಿಕೆರೆ, ಮಲ್ಲೇಶ್ವರದ ಅಂಗಡಿಗಳಲ್ಲಿ ಬೆಳಿಗ್ಗೆ ಹಾಲು ಕೊಳ್ಳುವ ಮನೆಯವರೇ ಸಂಕ್ರಾಂತಿಯ ವಾರ ಎಳ್ಳು ಬೀರಲು ಅಚ್ಚುಬೆಲ್ಲವನ್ನೂ ಕೊಳ್ಳುತ್ತಾರೆ. ಹೀಗಾಗಿ ಹಾಲಿಗೂ ಬೆಲ್ಲಕ್ಕೂ ಗ್ರಾಹಕರು ಒಬ್ಬರೇ.

ನಮ್ಮ ನುಡಿಯಲ್ಲಿ ಕಬ್ಬಿನ ರಸಕ್ಕೆ 'ಕಬ್ಬಿನ ಹಾಲು' ಎಂದೇ ಹೆಸರು. ಈ ಹೆಸರು ಬಹಳ ಸರಿಯಾಗಿದೆ. ಹಸುವಿನ ಹಾಲು ಹೇಗೆ ಕೆಡುತ್ತದೆಯೋ ಕಬ್ಬಿನ ಹಾಲೂ ಹಾಗೆಯೇ ಕೆಡುತ್ತದೆ. ಹೊತ್ತು ಮೀರಿದರೆ, ಪಾತ್ರೆ ಕೊಳಕಾಗಿದ್ದರೆ, ಹಳೆಯದಕ್ಕೆ ಹೊಸದನ್ನು ಬೆರೆಸಿದರೆ ಎರಡೂ ಹುಳಿಯಾಗುತ್ತವೆ. ಬೆಲ್ಲ ಕಪ್ಪಾದಾಗ, ಅಚ್ಚಿನಲ್ಲಿ ನಿಲ್ಲದೆ ಜಿಗುಟಾದಾಗ ನಾವು ಸಾಮಾನ್ಯವಾಗಿ ಒಲೆಯ ಉರಿಯನ್ನೋ, ಪಾಕ ಇಳಿಸಿದವರ ಕೈಯನ್ನೋ ದೂರುತ್ತೇವೆ. ಆದರೆ ಎಷ್ಟೋ ಸಲ ನಷ್ಟವಾಗಿರುವುದು ಉರಿ ಹತ್ತುವ ಮೊದಲೇ, ಗಾಣದಿಂದ ತೊಟ್ಟಿಗೆ, ತೊಟ್ಟಿಯಿಂದ ಕೊಪ್ಪರಿಗೆಗೆ ರಸ ಸಾಗುವ ಹಾದಿಯಲ್ಲಿ. ಈ ಹಾದಿಯನ್ನು ಕಡಿಮೆ ಖರ್ಚಿನಲ್ಲಿ ಸರಿಪಡಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ರಸ ಏಕೆ ಕೆಡುತ್ತದೆ?

ಚೆನ್ನಾಗಿ ಬಲಿತ ಕಬ್ಬಿನ ಹಾಲಿನಲ್ಲಿ ನೂರಕ್ಕೆ ಸುಮಾರು 18ರಿಂದ 20 ಭಾಗ ಕರಗಿದ ಘನಾಂಶವಿರುತ್ತದೆ. ಅದರಲ್ಲಿ ಹೆಚ್ಚಿನದು ಸಕ್ಕರೆ. ರಸ ಸ್ವಲ್ಪ ಆಮ್ಲ ಗುಣದ್ದು. ಕಬ್ಬಿನ ಸಿಪ್ಪೆಯ ಮೇಲೆ, ಗಾಣದ ಉರುಳೆಗಳ ಮೇಲೆ, ತೊಟ್ಟಿಯ ಮೂಲೆಗಳಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಇದ್ದೇ ಇರುತ್ತವೆ. ಬೆಚ್ಚಗಿನ ಸಿಹಿ ರಸ ಸಿಕ್ಕೊಡನೆ ಅವು ಬೆಳೆಯುತ್ತವೆ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆಂದು ಲೆಕ್ಕ ಹಿಡಿದರೂ 6 ಗಂಟೆಯಲ್ಲಿ ಒಂದು ಜೀವಿ 4,096 ಆಗುತ್ತದೆ. ಆದ್ದರಿಂದ ಮೊದಲ ಗಂಟೆಯ ತಡಕ್ಕಿಂತ ಕೊನೆಯ ಗಂಟೆಯ ತಡದಿಂದ ಆಗುವ ಹಾನಿ ಬಹಳ ಹೆಚ್ಚು.

ಈ ಜೀವಿಗಳಲ್ಲಿ ಮುಖ್ಯವಾದುದು ಲ್ಯುಕೊನಾಸ್ಟಾಕ್ ಎಂಬುದು. ನಮ್ಮ ಇಡ್ಲಿ ಹಿಟ್ಟು ರಾತ್ರಿ ಉಬ್ಬುವುದು ಇದೇ ಕುಲದ ಜೀವಿಗಳಿಂದ. ಇಡ್ಲಿ ಹಿಟ್ಟಿನಲ್ಲಿ ಉಪಕಾರಿಯಾದ ಇದು ಕಬ್ಬಿನ ಹಾಲಿನಲ್ಲಿ ಅಪಕಾರಿ. ಸಕ್ಕರೆಯನ್ನು ತಿಂದು ಲೋಳೆಯಂತಹ ಅಂಟನ್ನು ಮಾಡುತ್ತದೆ. ತೊಳೆಯದ ತೊಟ್ಟಿಯ ಸಂದಿಯಲ್ಲಿ, ಪೈಪಿನ ಒಳಗೆ ಕೈಗೆ ಜಾರುವ ಲೋಳೆ ಸಿಕ್ಕಿದರೆ ಅದು ಇದರದೇ ಕೆಲಸವೆಂದು ತಿಳಿಯಬೇಕು.

ಎರಡನೆಯ ನಷ್ಟ ಸಕ್ಕರೆ ಒಡೆಯುವುದು. ರಸ ಹುಳಿಯಾದಂತೆ ಅದರಲ್ಲಿನ ಸಕ್ಕರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಇವು ಹರಳುಗಟ್ಟುವುದಿಲ್ಲ, ಗಾಳಿಯಿಂದ ತೇವ ಹೀರುತ್ತವೆ. ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗದೆ, ಮಳೆಗಾಲದಲ್ಲಿ ನೀರೊಡೆಯಲು ಇದು ಮುಖ್ಯ ಕಾರಣ. ಮೂರನೆಯದು ಬಣ್ಣ. ಕತ್ತರಿಸಿದ ಸೇಬಿನ ಹಣ್ಣು, ಬದನೆಕಾಯಿ ಗಾಳಿಗೆ ಕಪ್ಪಾಗುವಂತೆ ಕಬ್ಬಿನ ಹಾಲೂ ಗಾಳಿಗೆ ಕಪ್ಪಾಗುತ್ತದೆ. ಮತ್ತಿಕೆರೆ, ಯಶವಂತಪುರದ ರಸ್ತೆ ಬದಿಯಲ್ಲಿ ಕಬ್ಬಿನ ಹಾಲು ಮಾರುವವರು ಗಿರಾಕಿ ಬಂದ ಮೇಲೆಯೇ ಕಬ್ಬು ಅರೆಯುವುದು ಇದಕ್ಕಾಗಿಯೇ. ಒಂದು ಲೋಟ ರಸವನ್ನು ಹಾಗೆಯೇ ಇಟ್ಟು ನೋಡಿದರೆ ಬಣ್ಣ ಮಾಸುವುದು ಕಣ್ಣಿಗೇ ಕಾಣುತ್ತದೆ. ತುಕ್ಕು ಹಿಡಿದ ಕಬ್ಬಿಣ ತಗುಲಿದರೆ ಇನ್ನೂ ಬೇಗ ಕಪ್ಪಾಗುತ್ತದೆ.

ಹೀಗೆ ಮಾಸಿದ ರಸದಿಂದ ಬಿಳಿಯ ಬೆಲ್ಲ ತೆಗೆಯಲು ಕೆಲವರು ಕೊಪ್ಪರಿಗೆಗೆ ಹೈಡ್ರೋಸ್ ಪುಡಿ ಸುರಿಯುತ್ತಾರೆ. ಇದು ಗಂಧಕದ ರಾಸಾಯನಿಕ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 70 ಭಾಗ ಮೀರಬಾರದೆಂದು ಆಹಾರ ಸುರಕ್ಷತಾ ನಿಯಮವಿದೆ. ಅಳತೆಯಿಲ್ಲದೆ ಹಿಡಿಗಟ್ಟಲೆ ಹಾಕುವವರಿಗೆ ಈ ಮಿತಿ ಮೀರಿದ್ದು ತಿಳಿಯುವುದೇ ಇಲ್ಲ. ರಸವನ್ನು ಬೇಗನೆ, ಶುದ್ಧವಾಗಿ ಸಾಗಿಸಿದರೆ ಹೈಡ್ರೋಸಿನ ಅವಶ್ಯಕತೆಯೇ ಬಹುಪಾಲು ತಪ್ಪುತ್ತದೆ.

ಗಾಣ ಒಲೆಯ ವೇಗಕ್ಕೆ ನಡೆಯಲಿ

ಹಸುವಿನ ಹಾಲನ್ನು ಬಲ್ಕ್ ಮಿಲ್ಕ್ ಕೂಲರಿನಲ್ಲಿ 4 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ ಇಡುತ್ತೇವೆ. ಆಲೆಮನೆಯಲ್ಲಿ ಇಂತಹ ತಣಿಸುವ ಅನುಕೂಲವಿಲ್ಲ. ಅಲ್ಲಿ ಇರುವ ಒಂದೇ ಉಪಾಯ ಬೇಗ ಕುದಿಸುವುದು. ಆದ್ದರಿಂದ ತೊಟ್ಟಿಯಲ್ಲಿ ಒಂದು ಕೊಪ್ಪರಿಗೆಗೆ ಬೇಕಾದಷ್ಟಕ್ಕಿಂತ ಹೆಚ್ಚು ರಸ ಕಾಯುತ್ತಿರಬಾರದು.

ವಿದ್ಯುತ್ ಇರುವಾಗಲೇ ಅರೆದುಬಿಡೋಣವೆಂದು ರಾತ್ರಿಯೆಲ್ಲ ಗಾಣ ನಡೆಸಿ, ತೊಟ್ಟಿ ತುಂಬಿಸಿಟ್ಟು, ಬೆಳಿಗ್ಗೆ ಒಲೆ ಹಚ್ಚುವ ಪದ್ಧತಿ ಕೆಲವೆಡೆ ಇದೆ. ಇದು ಸರಿಯಲ್ಲ. ಕಬ್ಬು ಕಬ್ಬಾಗಿಯೇ ನೆರಳಿನಲ್ಲಿದ್ದರೆ ಕೆಲವು ಗಂಟೆಗಳಲ್ಲಿ ಆಗುವ ಕೇಡು ಸ್ವಲ್ಪ, ಅದೇ ಹೊತ್ತು ರಸವಾಗಿ ತೊಟ್ಟಿಯಲ್ಲಿ ನಿಂತರೆ ಆಗುವ ಕೇಡು ಬಹಳ. ಕಡಿದ ಕಬ್ಬನ್ನು 24 ಗಂಟೆಯೊಳಗೆ ಅರೆಯಬೇಕು. ಅರೆದ ರಸವನ್ನು ಎರಡು ಮೂರು ಗಂಟೆಯೊಳಗೆ ಒಲೆಗೆ ಏರಿಸಬೇಕು. ಕರೆಂಟು ಕೈಕೊಡುವ ಊರುಗಳಲ್ಲಿ ರಾತ್ರಿ ಗಾಣ ನಡೆಸಲೇಬೇಕಾದರೆ ಒಲೆಯೂ ಜೊತೆಯಲ್ಲೇ ನಡೆಯುವಂತೆ ಆಳುಗಳನ್ನು ಹೊಂದಿಸಿಕೊಳ್ಳಬೇಕು.

ಇಳಿಜಾರಿನ ಲಾಭ

ರಸ ಸಾಗಿಸಲು ಅತ್ಯಂತ ಅಗ್ಗದ, ಅತ್ಯಂತ ಶುದ್ಧವಾದ ಶಕ್ತಿ ಇಳಿಜಾರು. ಹೊಸದಾಗಿ ಆಲೆಮನೆ ಕಟ್ಟುವವರು ಮೊದಲು ರಸಮಟ್ಟ ಹಿಡಿದು ನೆಲದ ಏರಿಳಿತ ನೋಡಿಕೊಳ್ಳಬೇಕು. ಗಾಣ ಎಲ್ಲಕ್ಕಿಂತ ಎತ್ತರದಲ್ಲಿ, ಅದರ ಕೆಳಗೆ ತಿಳಿಯುವ ತೊಟ್ಟಿ, ಅದಕ್ಕೂ ಕೆಳಗೆ ಕೊಪ್ಪರಿಗೆಯ ಬಾಯಿ, ಕೊನೆಗೆ ಪಾಕ ಆರಿಸುವ ತೊಟ್ಟಿ. ಈ ಕ್ರಮ ಒದಗಿದರೆ ಬಿಂದಿಗೆ ಹೊರುವ ಕೆಲಸವೂ ಇಲ್ಲ, ಪಂಪೂ ಬೇಡ. ಗಾಣವನ್ನು ಎರಡು ಮೂರು ಅಡಿ ಎತ್ತರದ ಗಟ್ಟಿ ಕಟ್ಟೆಯ ಮೇಲೆ ಕೂರಿಸುವ ಖರ್ಚು ಒಂದೇ ಸಲದ್ದು.

ಪೈಪು ಎಲ್ಲಿಯೂ ಬಾಗಿ ತಗ್ಗಾಗದಂತೆ, ಹತ್ತು ಅಡಿಗೆ ಎರಡು ಅಂಗುಲವಾದರೂ ಒಂದೇ ಸಮನೆ ಇಳಿಯುವಂತೆ ಕಟ್ಟಬೇಕು. ತಗ್ಗು ಇದ್ದಲ್ಲಿ ರಸ ನಿಲ್ಲುತ್ತದೆ, ನಿಂತ ರಸ ಮರುದಿನದ ರಸಕ್ಕೆ ಹೆಪ್ಪಾಗುತ್ತದೆ. ರಸ ನಿಧಾನವಾಗಿ ಹರಿಯುತ್ತಿದೆ ಎಂದು ತೊಟ್ಟಿಯನ್ನು ಇನ್ನಷ್ಟು ಎತ್ತರಿಸಲು ಹೋಗುವವರುಂಟು. ಎತ್ತರ ಇಮ್ಮಡಿಯಾದರೆ ರಸದ ವೇಗ ಹೆಚ್ಚೆಂದರೆ ಒಂದೂವರೆ ಪಟ್ಟಿನ ಹತ್ತಿರ ಬರುತ್ತದೆ, ಅಷ್ಟೆ. ಅದರ ಬದಲು ಒಂದು ಅಂಗುಲದ ಪೈಪನ್ನು ಎರಡು ಅಂಗುಲಕ್ಕೆ ಬದಲಿಸಿದರೆ ಹರಿವು ನಾಲ್ಕು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಅಗಲ ಪೈಪನ್ನು ಉಜ್ಜಿ ತೊಳೆಯುವುದೂ ಸುಲಭ.

ಪೈಪಿನ ಬಾಯಿ ತೊಟ್ಟಿಯ ಮೇಲಿಂದ ಸುರಿಯುವಂತಿರಬಾರದು. ಎತ್ತರದಿಂದ ಧಾರೆಯಾಗಿ ಬಿದ್ದ ರಸ ನೊರೆಗಟ್ಟಿ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಬಣ್ಣ ಮಾಸುತ್ತದೆ. ಪೈಪಿನ ತುದಿಯನ್ನು ತೊಟ್ಟಿಯ ಗೋಡೆಗೆ ತಾಗಿಸಿ, ತಳದ ಹತ್ತಿರಕ್ಕೆ ಇಳಿಸಬೇಕು. ಹಸುವಿನ ಹಾಲಿನಲ್ಲೂ ಇದೇ ಮಾತು ನಿಜ. ಹಸಿ ಹಾಲನ್ನು ನೊರೆ ಬರುವಂತೆ ಸುರಿದಾಡಿದರೆ ಜಿಡ್ಡಿನ ಕಣಗಳು ಒಡೆದು ಹಾಲಿಗೆ ಮುಗ್ಗಲು ವಾಸನೆ ಬರುತ್ತದೆ.

ಸೈಫನ್ ಮತ್ತು ಪಂಪು

ಇರುವ ತೊಟ್ಟಿಗೆ ತಳದಲ್ಲಿ ವಾಲ್ವ್ ಇಲ್ಲದಿದ್ದರೆ ಅದನ್ನು ಕೊರೆಯಬೇಕಾಗಿಲ್ಲ. ಸೈಫನ್ ಪೈಪು ಸಾಕು. ಆಹಾರಕ್ಕೆ ಯೋಗ್ಯವಾದ ಪಾರದರ್ಶಕ ಪೈಪಿಗೆ ಶುದ್ಧ ನೀರು ತುಂಬಿ, ಎರಡೂ ತುದಿ ಮುಚ್ಚಿ, ಒಂದು ತುದಿಯನ್ನು ಮೇಲಿನ ತೊಟ್ಟಿಯ ರಸದಲ್ಲಿ ಮುಳುಗಿಸಿ, ಇನ್ನೊಂದನ್ನು ಕೆಳಗಿನ ಪಾತ್ರೆಗೆ ಇಳಿಸಿ ಬಿಟ್ಟರೆ ರಸ ತಾನಾಗಿ ಹರಿಯುತ್ತದೆ. ಮುಳುಗಿದ ತುದಿ ತಳದಿಂದ ಒಂದು ಗೇಣು ಮೇಲಿರಲಿ. ಆಗ ತಳದ ಗಸಿ ಕದಡದೆ ತಿಳಿಯಾದ ರಸ ಮಾತ್ರ ಬರುತ್ತದೆ. ಬಾಯಿಯಿಂದ ಎಳೆದು ಸೈಫನ್ ಹಚ್ಚಬಾರದು. ಔಷಧಿ ಸಿಂಪಡಿಸಲು ಬಳಸಿದ ಪೈಪನ್ನು ಯಾವ ಕಾರಣಕ್ಕೂ ಬಳಸಬಾರದು.

ನೆಲ ಸಮತಟ್ಟಾಗಿದ್ದು ಪಂಪು ಬೇಕೇಬೇಕಾದರೆ ಈ ಮೂರು ಸಂಗತಿ ಗಮನಿಸಿ. ಮೊದಲನೆಯದಾಗಿ, ಪಂಪು ತೊಟ್ಟಿಯ ತಳಕ್ಕಿಂತ ಕೆಳಗಿರಲಿ, ರಸ ತಾನಾಗಿ ಪಂಪಿಗೆ ತುಂಬುವಂತಿರಲಿ. ಪಂಪು ಮೇಲಿದ್ದು ರಸವನ್ನು ಎಳೆಯಬೇಕಾದರೆ ಸಡಿಲ ಜೋಡಣೆಗಳಿಂದ ಗಾಳಿ ಸೇರಿ ನೊರೆಯೇಳುತ್ತದೆ. ಎರಡನೆಯದಾಗಿ, ಪಂಪಿಗೆ ಮೊದಲು ಜಾಲರಿ ಇಟ್ಟು ಸಿಪ್ಪೆಯ ಚೂರು ತಡೆಯಬೇಕು. ಮೂರನೆಯದಾಗಿ, ಬಾವಿಯ ಹಳೆಯ ಪಂಪನ್ನು ತರಬಾರದು. ಅದರ ಬೀಡು ಕಬ್ಬಿಣ ಮತ್ತು ಗ್ರೀಸು ಎರಡೂ ರಸಕ್ಕೆ ಸೇರುತ್ತವೆ. ಹಾಲಿನ ಉಪಕರಣಗಳಿಗೆ ಬಳಸುವ ಸ್ಟೇನ್‌ಲೆಸ್ ಸ್ಟೀಲಿನ ಪಂಪು ಇದಕ್ಕೂ ತಕ್ಕುದು. ಒದ್ದೆ ನೆಲದಲ್ಲಿ ನಡೆಯುವ ಪಂಪಿಗೆ ಅರ್ಥಿಂಗ್ ಕಡ್ಡಾಯವಾಗಿ ಇರಬೇಕು.

ಕುದಿಯುವ ಅಥವಾ ಕುದಿತಕ್ಕೆ ಹತ್ತಿರದ ರಸಕ್ಕೆ ಸೈಫನ್ನೂ ನಡೆಯದು, ಎಳೆಯುವ ಪಂಪೂ ನಡೆಯದು. ಎಳೆತ ಬಿದ್ದೊಡನೆ ಪೈಪಿನೊಳಗೆ ಆವಿ ತುಂಬಿ ಹರಿವು ಕಡಿಯುತ್ತದೆ. ಬಿಸಿ ಪಾಕ ಕೆಳಗಿಳಿಯಬೇಕಾದದ್ದು ಇಳಿಜಾರಿನಿಂದಲೇ.

ತೊಟ್ಟಿ ಹೇಗಿರಬೇಕು?

ಒಂದು ದೊಡ್ಡ ತೊಟ್ಟಿಗಿಂತ ಎರಡು ಸಣ್ಣ ತೊಟ್ಟಿ ಮೇಲು. ಕೊಪ್ಪರಿಗೆ ಒಂದು ಸಲಕ್ಕೆ 500 ಲೀಟರ್ ಹಿಡಿಯುವುದಾದರೆ 500 ಲೀಟರಿನ ಎರಡು ತೊಟ್ಟಿಗಳನ್ನು ಮಾಡಿಕೊಳ್ಳಿ. ಒಂದು ತುಂಬುವಾಗ ಇನ್ನೊಂದು ತಿಳಿಯಾಗುತ್ತಿರುತ್ತದೆ. ಒಂದನ್ನು ಪೂರ್ತಿ ಖಾಲಿ ಮಾಡಿ, ನೀರು ಹೊಡೆದು ತೊಳೆದ ನಂತರವೇ ಮತ್ತೆ ತುಂಬಬೇಕು. ದೊಡ್ಡ ತೊಟ್ಟಿ ಎಂದೂ ಪೂರ್ತಿ ಖಾಲಿಯಾಗುವುದಿಲ್ಲ. ಬೆಳಗಿನ ರಸದ ಉಳಿಕೆ ಸಂಜೆಯ ರಸಕ್ಕೂ ಸೇರುತ್ತದೆ. ಸಂಜೆ ಕರೆದ ಹಾಲನ್ನು ಬೆಳಗಿನ ಹಾಲಿಗೆ ಬೆರೆಸಬೇಡಿ ಎಂದು ಸಂಘದಲ್ಲಿ ಹೇಳುವುದು ಯಾವ ಕಾರಣಕ್ಕೋ ಇದೂ ಅದೇ ಕಾರಣಕ್ಕೆ.

ತೊಟ್ಟಿಯ ತಳ ಒಂದು ಮೂಲೆಗೆ ಇಳಿಜಾರಾಗಿರಲಿ. ಆ ಮೂಲೆಯಲ್ಲಿ ತಳಮಟ್ಟಕ್ಕೆ ಗಸಿ ಹೊರಬಿಡುವ ಒಂದು ವಾಲ್ವ್, ಅದಕ್ಕಿಂತ ನಾಲ್ಕು ಅಂಗುಲ ಮೇಲೆ ತಿಳಿರಸ ಬಿಡುವ ಇನ್ನೊಂದು ವಾಲ್ವ್ ಇಡಿ. ಮೂಲೆಗಳು ಚೂಪಾಗಿರದೆ ಗುಂಡಗಿರಲಿ. ಸಿಮೆಂಟ್ ತೊಟ್ಟಿಯನ್ನು ಹುಳಿರಸ ಕೊರೆದು ಒರಟಾಗಿಸುತ್ತದೆ, ಆ ಸಂದುಗಳಲ್ಲಿ ಲೋಳೆ ಮನೆ ಮಾಡುತ್ತದೆ. ಹಾಗೆ ಒರಟಾದ ತೊಟ್ಟಿಗೆ ಒಳಗೆ ನಯವಾದ ಹೆಂಚು ಹಾಕಿಸಬಹುದು. ಶಕ್ತಿಯಿದ್ದವರು ಸ್ಟೇನ್‌ಲೆಸ್ ಸ್ಟೀಲಿನ ತೊಟ್ಟಿ ಮಾಡಿಸಿಕೊಳ್ಳುವುದು ಉತ್ತಮ. ಮೇಲೆ ಮುಚ್ಚಳ, ಅಥವಾ ಒಗೆದ ತೆಳು ಬಟ್ಟೆಯಾದರೂ ಇರಲಿ.

ಉಳಿಕೆಯ ಲೆಕ್ಕವನ್ನೂ ನೋಡಿ. ಸಾಮಾನ್ಯವಾಗಿ 10 ಲೀಟರ್ ರಸದಿಂದ ಸುಮಾರು 2 ಕೆ.ಜಿ. ಬೆಲ್ಲ ಬರುತ್ತದೆ. ಪ್ರತಿ ಕೊಪ್ಪರಿಗೆಗೂ 10 ಲೀಟರ್ ರಸ ತೊಟ್ಟಿಯ ತಳದಲ್ಲೋ, ಪೈಪಿನ ತಗ್ಗಿನಲ್ಲೋ, ಬಿಂದಿಗೆಯಿಂದ ಚೆಲ್ಲಿಯೋ ಹೋದರೆ ದಿನಕ್ಕೆ ನಾಲ್ಕು ಕೊಪ್ಪರಿಗೆಗೆ 8 ಕೆ.ಜಿ. ಬೆಲ್ಲ ಹೋದಂತೆ. ನೂರು ದಿನದ ಹಂಗಾಮಿಗೆ ಇದು 8 ಕ್ವಿಂಟಲ್.

ಬಿಸಿ ಪಾಕ ಇಳಿಸುವಾಗ

ಅಚ್ಚುಬೆಲ್ಲದ ಪಾಕವನ್ನು ಸುಮಾರು 118 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಳಿಸುತ್ತಾರೆ. ಜೋನಿಬೆಲ್ಲಕ್ಕೆ 105ರಿಂದ 106 ಡಿಗ್ರಿ ಸಾಕು. ಎರಡೂ ಕುದಿಯುವ ನೀರಿಗಿಂತ ಬಿಸಿ, ಮೇಲಾಗಿ ಮೈಗೆ ಅಂಟುವಂತಹವು. ಕೊಪ್ಪರಿಗೆ ಹೊರುವ ಹಾದಿಯಲ್ಲಿ ಸಿಪ್ಪೆ, ನೀರು ಇರಬಾರದು. ಮಕ್ಕಳನ್ನು ಹತ್ತಿರ ಬಿಡಬಾರದು. ಸುಟ್ಟರೆ ಕೂಡಲೇ ತಣ್ಣೀರು ಹರಿಸಬೇಕು, ಸುಣ್ಣ, ಶಾಯಿ ಹಚ್ಚದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಜೋನಿಬೆಲ್ಲವನ್ನು ಇಳಿಸಿದೊಡನೆ ಡಬ್ಬಕ್ಕೆ ತುಂಬದೆ, ಮುಚ್ಚಿದ ಸ್ಟೀಲ್ ಪಾತ್ರೆಯಲ್ಲಿ 8ರಿಂದ 10 ದಿನ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಸೋಸಿ, ಕುದಿನೀರಿನಲ್ಲಿ ತೊಳೆದು ಒಣಗಿಸಿದ ಬಾಟಲಿಗೆ ತುಂಬಿದರೆ ಗಸಿಯಿಲ್ಲದ ಸರಕು ಸಿಗುತ್ತದೆ. ಇಲ್ಲಿಯೂ ಪಾತ್ರೆಯ ವಾಲ್ವ್ ತಳಕ್ಕಿಂತ ಮೇಲಿದ್ದರೆ ಕೆಲಸ ಹಗುರ.

ದೂರದೇಶದ ಒಂದು ಉದಾಹರಣೆ

ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯ ಹಾಗೂ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಮೇಪಲ್ ಎಂಬ ಮರದ ಕಾಂಡಕ್ಕೆ ಸಣ್ಣ ತೂತು ಕೊರೆದು ರಸ ತೆಗೆದು, ಕಾಯಿಸಿ, ನಮ್ಮ ಜೋನಿಬೆಲ್ಲದಂತಹ ಪಾಕ ಮಾಡುತ್ತಾರೆ. ಅಲ್ಲಿಯೂ ಹೈನುಗಾರರೇ ಚಳಿಗಾಲ ಮುಗಿಯುವ ಹೊತ್ತಿನಲ್ಲಿ ಈ ಕೆಲಸ ಮಾಡುವುದುಂಟು. ಮೇಪಲ್ ರಸದಲ್ಲಿ ಸಕ್ಕರೆ ನೂರಕ್ಕೆ ಸುಮಾರು 2 ಭಾಗ ಮಾತ್ರ. ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಬೇಕು. ನಮ್ಮ ಕಬ್ಬಿನ ಹಾಲಾದರೆ ಸುಮಾರು 5 ಲೀಟರ್ ಸಾಕು.

ಅಷ್ಟು ತೆಳು ರಸವನ್ನು ಹೊತ್ತು ತರುವುದು ದುಬಾರಿಯಾದ್ದರಿಂದ ಅವರು ಗುಡ್ಡದ ಮೇಲಿನ ಮರಗಳಿಂದ ಕೆಳಗಿನ ಕಾಯಿಸುವ ಮನೆಯವರೆಗೆ ತೆಳು ಪೈಪುಗಳನ್ನು ಇಳಿಜಾರಾಗಿ ಎಳೆದಿರುತ್ತಾರೆ. ರಸ ಸಂಗ್ರಹಿಸಲು ಅನೇಕರು ಬಳಸುವುದು ಹೈನುಗಾರಿಕೆಯಲ್ಲಿ ಬಳಸಿ ಬಿಟ್ಟ ಸ್ಟೀಲಿನ ಬಲ್ಕ್ ಹಾಲಿನ ತೊಟ್ಟಿಗಳನ್ನು. ಬಿಸಿಲೇರಿ ರಸ ಬೆಚ್ಚಗಾಗಿ ಮಸುಕಾದರೆ ಪಾಕ ಕಪ್ಪಾಗುತ್ತದೆಂದು ಅವರೂ ಬಂದ ರಸವನ್ನು ಅಂದಂದೇ ಕಾಯಿಸಲು ಅವಸರಿಸುತ್ತಾರೆ. ಮರ ಬೇರೆ, ಹವೆ ಬೇರೆ, ಆದರೆ ಪಾಲಿಸುವ ನಿಯಮ ಒಂದೇ.

ಹಾಲು ಉತ್ಪಾದಕರಿಗೆ ವಿಶೇಷ ಎಚ್ಚರಿಕೆ

1. ಸಂಘಕ್ಕೆ ಹಾಲು ತರುವ ಕ್ಯಾನು, ಬಿಂದಿಗೆಗಳನ್ನು ಆಲೆಮನೆಗೆ ಒಯ್ಯಬೇಡಿ. ಸರಿಯಾಗಿ ತೊಳೆಯದ ಕ್ಯಾನಿನಲ್ಲಿ ಉಳಿದ ಕಬ್ಬಿನ ರಸ ಹಾಲಿಗೆ ಸೇರಿದರೆ, ಸಕ್ಕರೆ ಬೆರಕೆಯ ಪರೀಕ್ಷೆಯಲ್ಲಿ ಹಾಲು ಕೆಂಪು ಬಣ್ಣ ತೋರಿಸುತ್ತದೆ. ಘನಾಂಶ ಹೆಚ್ಚಿಸಲು ಸಕ್ಕರೆ ಬೆರೆಸುವವರನ್ನು ಹಿಡಿಯುವ ಪರೀಕ್ಷೆ ಅದು. ಬೇಕೆಂದು ಬೆರೆಸಿದ್ದೋ, ಕ್ಯಾನಿನಿಂದ ಬಂದದ್ದೋ ಎಂದು ಪರೀಕ್ಷೆ ಹೇಳುವುದಿಲ್ಲ. ಹಾಲು ತಿರಸ್ಕೃತವಾಗುತ್ತದೆ, ವರ್ಷಗಳಿಂದ ಗಳಿಸಿದ ಹೆಸರೂ ಹೋಗುತ್ತದೆ.

2. ತೊಟ್ಟಿಯ ಹುಳಿರಸ, ಕೊಪ್ಪರಿಗೆಯ ಮಡ್ಡಿಯನ್ನು ಹಸುಗಳಿಗೆ ಒಮ್ಮೆಲೇ ಕುಡಿಸಬೇಡಿ. ಹೆಚ್ಚು ಸಕ್ಕರೆ ಒಟ್ಟಿಗೆ ಹೊಟ್ಟೆಗೆ ಸೇರಿದರೆ ಮೆಲುಕು ಚೀಲದಲ್ಲಿ ಆಮ್ಲ ಏರಿ ಮೆಲುಕು ನಿಲ್ಲುತ್ತದೆ, ಭೇದಿಯಾಗುತ್ತದೆ, ಜೀವಕ್ಕೂ ಅಪಾಯ. ರಾತ್ರಿ ಹಗ್ಗ ಬಿಚ್ಚಿಕೊಂಡ ಹಸು ತೊಟ್ಟಿಗೆ ಬಾಯಿ ಹಾಕದಂತೆ ಮುಚ್ಚಳ ಭದ್ರವಾಗಿರಲಿ. ಕುಡಿದಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ.

3. ನೆಲದೊಳಗಿನ ಆಳವಾದ ತೊಟ್ಟಿಯಲ್ಲಿ ರಸ ಹುಳಿಯೆದ್ದಿದ್ದರೆ ತೊಳೆಯಲು ಯಾರೂ ಒಳಗಿಳಿಯಬಾರದು. ಹುಳಿಯುವ ರಸದಿಂದ ಇಂಗಾಲದ ಡೈಆಕ್ಸೈಡ್ ಅನಿಲ ಹೊರಡುತ್ತದೆ. ಅದು ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತದೆ. ಇಳಿದವರು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ, ಅವರನ್ನು ಎತ್ತಲು ಇಳಿದವರಿಗೂ ಅದೇ ಗತಿ. ಅಂತಹ ತೊಟ್ಟಿಯನ್ನು ಮೇಲಿನಿಂದಲೇ ನೀರು ಹಾಯಿಸಿ, ಉದ್ದ ಹಿಡಿಯ ಬ್ರಷ್‌ನಿಂದ ತೊಳೆಯಬೇಕು. ನೆಲದ ಮೇಲಿನ ಆಳವಿಲ್ಲದ ತೊಟ್ಟಿ ಕಟ್ಟುವುದೇ ಕ್ಷೇಮ.

ತೊಳೆಯುವ ಕ್ರಮ

ರಸ ಖಾಲಿಯಾದ ಕೂಡಲೇ, ಒಣಗಲು ಬಿಡದೆ, ಗಾಣದ ಉರುಳೆ, ಜಾಲರಿ, ಪೈಪು, ತೊಟ್ಟಿಗಳಿಗೆ ಧಾರಾಳವಾಗಿ ನೀರು ಹೊಡೆಯಿರಿ. ನಂತರ ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ, ಲೋಳೆಯ ಜಾರು ಹೋಗುವವರೆಗೆ ತೊಳೆಯಿರಿ. ಕೊನೆಗೆ ಶುದ್ಧ ನೀರಿನಲ್ಲಿ ಜಾಲಿಸಿ, ಎಲ್ಲ ವಾಲ್ವ್ ತೆರೆದಿಟ್ಟು ಒಣಗಲು ಬಿಡಿ. ಸಿಮೆಂಟ್ ತೊಟ್ಟಿಗೆ ರಾತ್ರಿ ಸುಣ್ಣದ ನೀರು ಬಳಿದು ಬೆಳಿಗ್ಗೆ ತೊಳೆಯುವುದು ಒಳ್ಳೆಯದು. ಸೋಸುವ ಬಟ್ಟೆಯನ್ನು ದಿನವೂ ಕುದಿಸಿ ಬಿಸಿಲಿಗೆ ಹಾಕಿ. ಗಾಣ ಇಡೀ ದಿನ ನಡೆಯುವುದಾದರೆ ನಡುವೆ ಒಂದೆರಡು ಸಲವಾದರೂ ನಿಲ್ಲಿಸಿ ನೀರು ಹೊಡೆಯಬೇಕು.

ನೆನಪಿಡಬೇಕಾದದ್ದು

ಕೃಷ್ಣರಾಜಸಾಗರದ ನೀರು ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆಯೂ ಆ ಸೀಮೆಯ ಆಲೆಮನೆಗಳು ಮುಚ್ಚಲಿಲ್ಲ. ರೈತರ ಕೈಯಲ್ಲಿ ತಮ್ಮದೇ ಸರಕು, ತಮ್ಮದೇ ಬೆಲೆ ಉಳಿಯುವುದು ಇದಕ್ಕೆ ಒಂದು ಕಾರಣ. ಆ ಬೆಲೆ ಉಳಿಯಬೇಕಾದರೆ ಬೆಲ್ಲದ ಗುಣವೂ ಉಳಿಯಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಬೆಲ್ಲ ತಯಾರಿಕೆಯ ಬಗ್ಗೆ ಸಂಶೋಧನೆ ನಡೆದಿದೆ. ಆಲೆಮನೆ ಸುಧಾರಿಸಬಯಸುವ ಸದಸ್ಯರು ಅಲ್ಲಿಯ ತಜ್ಞರನ್ನು, ಇಲ್ಲವೇ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಕೇಳಬಹುದು.

ಎಲ್ಲವನ್ನೂ ಒಂದೇ ವರ್ಷ ಬದಲಿಸಲು ಆಗದಿರಬಹುದು. ಈ ಹಂಗಾಮಿನಲ್ಲಿ ಇಷ್ಟನ್ನಾದರೂ ಮಾಡಿ: ಒಂದು ಕೊಪ್ಪರಿಗೆಗೆ ಆಗುವಷ್ಟನ್ನೇ ಅರೆಯಿರಿ, ತೊಟ್ಟಿಯನ್ನು ಖಾಲಿ ಮಾಡಿ ತೊಳೆದು ತುಂಬಿ, ಪೈಪಿನ ತಗ್ಗು ತೆಗೆಯಿರಿ, ಹಾಲಿನ ಕ್ಯಾನನ್ನು ಹಾಲಿಗೇ ಇಡಿ. ಇವುಗಳಿಗೆ ಕಾಸು ಖರ್ಚಿಲ್ಲ. ಹಸುವಿನ ಹಾಲಿನ ವಿಷಯದಲ್ಲಿ ದಿನಕ್ಕೆರಡು ಸಲ ಪಾಲಿಸುತ್ತಿರುವ ಶುಚಿತ್ವವನ್ನು ಕಬ್ಬಿನ ಹಾಲಿಗೂ ತೋರಿಸಿದರೆ ಸಾಕು.